ಖಾಲಿ ಸೀಸೆಗಳಲ್ಲಿ ಮನೆಯೊಳಗಿನ ಗಿಡಗಳು

ನಿಮ್ಮ ಮನೆಯ ಅಟ್ಟವನ್ನೊಮ್ಮೆ ಹತ್ತಿ ನೋಡಿ. ಟಾನಿಕ್ಕಿನ ಸೀಸೆ, ಕಾಫಿ ಪುಡಿಯ ಸೀಸೆ, ಜೇನುತುಪ್ಪದ ಸೀಸೆ, ಷರಬತ್ತಿನ ಬಾಟಲಿ, ಉಪ್ಪಿನಕಾಯಿಯ ಜಾಡಿ, ಹೀಗೆ ಹತ್ತಾರು ಗಾಜಿನ ಸೀಸೆಗಳು ಧೂಳು ಹಿಡಿದು ಕುಳಿತಿರುತ್ತವೆ. ಇಟ್ಟುಕೊಂಡರೆ ಜಾಗ ದಂಡ. ತಿಪ್ಪೆಗೆ ಎಸೆದರೆ ಇನ್ನೂ ಹೆಚ್ಚಿನ ತೊಂದರೆ. ಗಾಜು ಮಣ್ಣಿನಲ್ಲಿ ಕೊಳೆಯುವ ವಸ್ತುವಲ್ಲ. ಒಡೆದ ಚೂರುಗಳು ಗೊಬ್ಬರದ ಜೊತೆಯಲ್ಲಿ ಹೊಲ ಸೇರಿ, ನಾಟಿ ಮಾಡುವವರ ಕಾಲಿಗೂ ದನಗಳ ಗೊರಸಿನ ಸಂದಿಗೂ ಚುಚ್ಚುತ್ತವೆ.

ಇಂತಹ ಸೀಸೆಗಳಲ್ಲಿ ಮನೆಯೊಳಗೆ ಗಿಡಗಳನ್ನು ಬೆಳೆಸಬಹುದು. ಇದಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು. ಅಡುಗೆ ಮನೆಯ ಕಿಟಕಿಯಲ್ಲಿ ಪುದೀನ, ದೊಡ್ಡಪತ್ರೆ ಕೈಗೆಟುಕುವಂತಿರುತ್ತವೆ. ಹಿತ್ತಲಿಗೆ ಬೇಕಾದ ಬಸಳೆ, ವೀಳ್ಯದೆಲೆ ಬಳ್ಳಿಗಳ ತುಂಡುಗಳಿಗೆ ಬೇರು ಬರಿಸಿಕೊಳ್ಳಲೂ ಸಾಧ್ಯ. ಆದರೆ ಈ ಕೆಲಸಕ್ಕೆ ಕೈಹಾಕುವ ಮೊದಲು ಎರಡು ವಿಷಯಗಳನ್ನು ತಿಳಿದಿರಬೇಕು. ಮೊದಲನೆಯದು, ಯಾವ ಸೀಸೆಯನ್ನು ಮನೆಯೊಳಗೆ ತರಬಹುದು, ಯಾವುದನ್ನು ತರಲೇಬಾರದು ಎಂಬುದು. ಎರಡನೆಯದು, ಸೀಸೆಯೊಳಗಿನ ಬೇರಿಗೆ ಏನು ಬೇಕು ಎಂಬುದು.

ಬಳಸಬಾರದ ಸೀಸೆಗಳು

ಕೆಲವು ವರ್ಷಗಳ ಹಿಂದೆ ಕ್ಷೇತ್ರ ಭೇಟಿಗೆಂದು ಹೋಗಿದ್ದಾಗ ಒಬ್ಬ ರೈತರ ಮನೆಯ ಕಿಟಕಿಯಲ್ಲಿ ಸೊಗಸಾಗಿ ಬೆಳೆದ ಮನಿ ಪ್ಲಾಂಟ್ ಬಳ್ಳಿಯನ್ನು ಕಂಡೆ. ಹತ್ತಿರ ಹೋಗಿ ನೋಡಿದರೆ ಅದು ಕೀಟನಾಶಕದ ಸೀಸೆ. ಅರ್ಧ ಕಿತ್ತುಹೋದ ಚೀಟಿಯಲ್ಲಿ ಕೆಂಪು ತ್ರಿಕೋನ ಇನ್ನೂ ಕಾಣುತ್ತಿತ್ತು. "ಇಂತಹುದು ಇನ್ನೊಂದು ಇತ್ತೇ?" ಎಂದು ಕೇಳಿದೆ. ಮನೆಯಾಕೆ ಒಳಗೆ ಹೋಗಿ ಅದನ್ನು ತಂದು ತೋರಿಸಿದರು. ಅದರಲ್ಲಿ ಒಗ್ಗರಣೆಯ ಕಡಲೆಕಾಯಿ ಎಣ್ಣೆ ಇತ್ತು. "ಸೋಪು ಹಾಕಿ ನಾಲ್ಕು ಸಲ ತೊಳೆದಿದ್ದೇವೆ ಸಾರ್" ಎಂದರು. ಆ ಮನೆಯವರು ಅಜಾಗರೂಕರಲ್ಲ. ಗಟ್ಟಿಯಾದ ಒಳ್ಳೆಯ ಸೀಸೆಯನ್ನು ಎಸೆಯಲು ಮನಸ್ಸು ಬಾರದ ಮಿತವ್ಯಯಿಗಳು, ಅಷ್ಟೇ. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಅಲ್ಲವೇ?

ನೀರಿನಲ್ಲಿ ಬೆರೆಸಿ ಸಿಂಪಡಿಸುವ ಅನೇಕ ದ್ರವ ಕೀಟನಾಶಕಗಳಲ್ಲಿ ವಿಷವನ್ನು ಎಣ್ಣೆಯಂತಹ ದ್ರಾವಕದಲ್ಲಿ ಕರಗಿಸಿರುತ್ತಾರೆ. ಇದು ಮುಚ್ಚಳದ ಸುತ್ತುಗಳಲ್ಲಿಯೂ ಕತ್ತಿನ ಒಳಬದಿಯಲ್ಲಿಯೂ ಅಂಟಿ ಉಳಿಯುತ್ತದೆ. ಮನೆಯಲ್ಲಿ ಎಷ್ಟು ತೊಳೆದರೂ ಅದು ಪೂರ್ತಿ ಹೋಯಿತೆಂದು ಹೇಳುವಂತಿಲ್ಲ. "ಗಿಡಕ್ಕೆ ತಾನೇ, ಊಟಕ್ಕಲ್ಲವಲ್ಲ" ಎಂದು ನೀವು ಕೇಳಬಹುದು. ಗಿಡ ಒಣಗಿದ ಮೇಲೆ ಸೀಸೆ ಮನೆಯಲ್ಲಿಯೇ ಉಳಿಯುತ್ತದೆ. ಅಷ್ಟರಲ್ಲಿ ಚೀಟಿ ಕಿತ್ತುಹೋಗಿರುತ್ತದೆ. ಅದರ ಪೂರ್ವಕಥೆ ತಿಳಿಯದ ಇನ್ನೊಬ್ಬರ ಕೈಗೆ ಅದು ಬರಿಯ ಒಳ್ಳೆಯ ಸೀಸೆಯಾಗಿ ಸಿಗುತ್ತದೆ. ಕಳೆನಾಶಕದ ಸೀಸೆಯಾದರೆ ಗಿಡವೂ ಉಳಿಯುವುದಿಲ್ಲ. 2,4-ಡಿ ಅಂತಹ ಔಷಧಿಯ ಅತಿ ಸ್ವಲ್ಪ ಅಂಶ ಉಳಿದಿದ್ದರೂ ಅಗಲ ಎಲೆಯ ಗಿಡಗಳ ಚಿಗುರು ಮುರುಟಿಕೊಳ್ಳುತ್ತದೆ.

ಇಂದು ಹೆಚ್ಚಿನ ಕೀಟನಾಶಕಗಳು ಗಾಜಿಗೆ ಬದಲಾಗಿ ಬೇರೆ ಡಬ್ಬಿಗಳಲ್ಲಿ ಬರುತ್ತಿದ್ದರೂ ಹಳೆಯ ಗಾಜಿನ ಸೀಸೆಗಳು ಅಟ್ಟದಲ್ಲಿ, ಪಂಪ್ ಮನೆಯಲ್ಲಿ ಉಳಿದಿರುವುದುಂಟು. ಚೀಟಿಯ ಮೇಲಿನ ಚೌಕದ ಕೆಳಗಿನ ಅರ್ಧದಲ್ಲಿ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನವಿದ್ದರೆ ಅದು ಪೀಡೆನಾಶಕವೆಂದು ತಿಳಿಯಬೇಕು. ಕೆಂಪು ಅತ್ಯಂತ ವಿಷಕಾರಿ, ಹಸಿರು ಅತಿ ಕಡಿಮೆ ವಿಷಕಾರಿ. ಹಸಿರು ಬಣ್ಣವಿದ್ದರೂ ಮನೆಗೆ ತರತಕ್ಕದ್ದಲ್ಲ. ಖಾಲಿ ಡಬ್ಬಿ, ಸೀಸೆಗಳನ್ನು ಮತ್ತೆ ಬಳಕೆಯಾಗುವಂತೆ ಹೊರಗೆ ಬಿಡಬಾರದು, ಒಡೆದು ವಾಸಸ್ಥಳದಿಂದ ದೂರದಲ್ಲಿ ಹೂಳಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಔಷಧಿ ಮುಗಿದ ಕೂಡಲೇ ಸೀಸೆಯನ್ನು ಮೂರು ಬಾರಿ ನೀರಿನಿಂದ ಜಾಲಾಡಿಸಿ, ಆ ನೀರನ್ನು ಸಿಂಪರಣಾ ಯಂತ್ರಕ್ಕೇ ಸುರಿಯಿರಿ. ಅನಂತರ ಸೀಸೆಯನ್ನು ಗೋಣಿಯಲ್ಲಿ ಸುತ್ತಿ ಒಡೆದು, ಬಾವಿ ಕೆರೆಗಳಿಂದ ದೂರದಲ್ಲಿ, ನೇಗಿಲು ತಾಗದ ಜಾಗದಲ್ಲಿ ಆಳವಾಗಿ ಹೂಳಿರಿ.

ಆ್ಯಸಿಡ್, ಫಿನಾಯಿಲ್, ಬಣ್ಣ, ಬ್ಯಾಟರಿ ನೀರು, ದನಗಳ ಉಣ್ಣೆಗೆ ಹಚ್ಚುವ ಔಷಧಿ ತುಂಬಿದ್ದ ಸೀಸೆಗಳನ್ನೂ, ಏನು ತುಂಬಿತ್ತೆಂದು ಯಾರಿಗೂ ನೆನಪಿಲ್ಲದ ಸೀಸೆಗಳನ್ನೂ ಬಿಡತಕ್ಕದ್ದು. ತಿನ್ನುವ, ಕುಡಿಯುವ ಪದಾರ್ಥ ತುಂಬಿದ್ದ ಸೀಸೆಗಳನ್ನು ಮಾತ್ರ ಆರಿಸಿಕೊಳ್ಳಬೇಕು.

ಸೀಸೆಯ ಆಯ್ಕೆ ಮತ್ತು ಶುಚಿ

ಕೈ ಅಥವಾ ಬ್ರಷ್ ಒಳಗೆ ಹೋಗುವಷ್ಟು ಅಗಲ ಬಾಯಿಯ ಸೀಸೆ ಉತ್ತಮ. ಬಣ್ಣವಿಲ್ಲದ ಗಾಜಿನಲ್ಲಿ ಬೇರು ಚೆನ್ನಾಗಿ ಕಾಣುತ್ತದೆ. ಆದರೆ ಬೆಳಕು ಒಳಗೆ ಹೋಗುವುದರಿಂದ ಪಾಚಿ ಕಟ್ಟುತ್ತದೆ. ಕಂದು ಬಣ್ಣದ ಸೀಸೆಯಲ್ಲಿ ಪಾಚಿ ಕಡಿಮೆ. ಬಿಳಿ ಸೀಸೆಯಾದರೆ ಸುತ್ತಲೂ ಕಾಗದ ಅಥವಾ ಬಟ್ಟೆ ಸುತ್ತಿ, ನೋಡಬೇಕೆನಿಸಿದಾಗ ಬಿಚ್ಚಬಹುದು.

ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಚೀಟಿ ಸುಲಭವಾಗಿ ಬಿಡುತ್ತದೆ. ತಣ್ಣಗಿರುವ ಸೀಸೆಗೆ ಕುದಿಯುವ ನೀರು ಹಾಕಬಾರದು, ಬಿರುಕು ಬಿಡುತ್ತದೆ. ಬ್ರಷ್ ಹೋಗದ ಸೀಸೆಯಾದರೆ ಒಂದು ಹಿಡಿ ಅಕ್ಕಿನುಚ್ಚು ಅಥವಾ ದಪ್ಪ ಮರಳನ್ನು ಸೋಪಿನ ನೀರಿನೊಂದಿಗೆ ಹಾಕಿ ಕುಲುಕಬೇಕು. ಕೊಳವೆ ಬಾವಿಯ ಗಡಸು ನೀರಿನಿಂದಾದ ಬಿಳಿ ಕಲೆ ಹುಣಸೆ ಹುಳಿಗೆ ಹೋಗುತ್ತದೆ.

ಮೊದಲನೆಯ ಕ್ರಮ: ಬರಿಯ ನೀರಿನಲ್ಲಿ

ಇದು ಎಲ್ಲಕ್ಕಿಂತ ಸುಲಭವಾದ ಕ್ರಮ. ಗೆಣ್ಣಿನಲ್ಲಿ ಸುಲಭವಾಗಿ ಬೇರು ಬಿಡುವ ಸಸ್ಯಗಳು ಇದಕ್ಕೆ ಸೂಕ್ತ. ಪುದೀನ, ದೊಡ್ಡಪತ್ರೆ, ತುಳಸಿ, ಬಸಳೆ, ಗೆಣಸಿನ ಬಳ್ಳಿ, ವೀಳ್ಯದೆಲೆ, ಮನಿ ಪ್ಲಾಂಟ್ ಇವು ಕೆಲವು ಉದಾಹರಣೆಗಳು.

1. ರೋಗವಿಲ್ಲದ, ತೀರ ಎಳೆಯದೂ ತೀರ ಬಲಿತದ್ದೂ ಅಲ್ಲದ ಕಾಂಡವನ್ನು ಆರಿಸಿ, 10ರಿಂದ 15 ಸೆಂ.ಮೀ. ಉದ್ದದ ತುಂಡನ್ನು ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಚಾಕುವಿನಿಂದ ಕತ್ತರಿಸಿ.

2. ಕೆಳಗಿನ ಎಲೆಗಳನ್ನು ತೆಗೆಯಿರಿ. ಎಲೆ ನೀರಿನಲ್ಲಿ ಮುಳುಗಿದರೆ ಕೊಳೆತು ನೀರನ್ನು ಕೆಡಿಸುತ್ತದೆ.

3. ಎರಡು ಗೆಣ್ಣುಗಳು ಮುಳುಗುವಷ್ಟು ನೀರು ಹಾಕಿ. ಮಳೆಯ ನೀರು ಶ್ರೇಷ್ಠ. ನಲ್ಲಿಯ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಬಳಸಬಹುದು.

4. ನೇರ ಬಿಸಿಲು ಬೀಳದ, ಆದರೆ ಹಗಲಿನಲ್ಲಿ ದೀಪವಿಲ್ಲದೆ ಪತ್ರಿಕೆ ಓದಬಹುದಾದಷ್ಟು ಬೆಳಕಿರುವ ಜಾಗದಲ್ಲಿಡಿ. ಪುದೀನ ಮತ್ತು ತುಳಸಿಗೆ ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬೀಳಬೇಕು.

ಪುದೀನ ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ, ಮನಿ ಪ್ಲಾಂಟ್ ಎರಡರಿಂದ ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ. ಚಳಿಗಾಲದಲ್ಲಿ ಇನ್ನೂ ಕೆಲವು ದಿನ ಹಿಡಿಯಬಹುದು. ಹಿತ್ತಲಿಗೆ ನೆಡುವ ಉದ್ದೇಶವಿದ್ದರೆ ಬೇರು 3ರಿಂದ 5 ಸೆಂ.ಮೀ. ಬೆಳೆದಾಗಲೇ ಮಣ್ಣಿಗೆ ವರ್ಗಾಯಿಸಿ, ಒಂದು ವಾರ ನೆರಳು ಕೊಡಿ. ಬಹಳ ಕಾಲ ನೀರಿನಲ್ಲಿದ್ದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಕಷ್ಟಪಡುತ್ತದೆ.

ಬೇರಿಗೆ ಗಾಳಿಯೂ ಬೇಕು

ಸೀಸೆಯಲ್ಲಿ ಗಿಡ ಬೆಳೆಸಿ ಸೋತವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಬೇರು ಬಂದ ಮೇಲೂ ಸೀಸೆಯನ್ನು ಕತ್ತಿನವರೆಗೆ ತುಂಬಿ, ತಿಂಗಳುಗಟ್ಟಲೆ ಹಾಗೆಯೇ ಬಿಡುವುದು. ಬೇರೂ ಉಸಿರಾಡುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿ.ಗ್ರಾಂ. ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಕರಗಿರಬಹುದಾದದ್ದು ಸುಮಾರು 8 ಮಿ.ಗ್ರಾಂ. ಮಾತ್ರ. ಇದಲ್ಲದೆ ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಇದ್ದಷ್ಟು ಆಮ್ಲಜನಕ ಮುಗಿದ ಮೇಲೆ ಬೇರು ಕಂದಾಗಿ, ಲೋಳೆಯಾಗಿ, ನಾತ ಬರುತ್ತದೆ.

ಆದ್ದರಿಂದ ಬೇರು ಚೆನ್ನಾಗಿ ಬಂದ ನಂತರ ಅದರ ಮೇಲಿನ ಮೂರನೇ ಒಂದು ಭಾಗ ನೀರಿನ ಮೇಲೆ, ಗಾಳಿಯಲ್ಲಿ ಇರುವಂತೆ ನೀರಿನ ಮಟ್ಟವನ್ನು ಇಳಿಸಬೇಕು. ವಾರಕ್ಕೊಮ್ಮೆ ನೀರು ಬದಲಾಯಿಸಬೇಕು. ಬೆಳ್ಳಗೆ ಗಟ್ಟಿಯಾಗಿರುವ ಬೇರು ಆರೋಗ್ಯದ ಗುರುತು. ಕಂದಾಗಿ ಮೆತ್ತಗಾದ ಬೇರನ್ನು ಕತ್ತರಿಸಿ ತೆಗೆಯಬೇಕು.

ಇದೇ ಮಾತು ನಿಮ್ಮ ಹೊಲಕ್ಕೂ ಅನ್ವಯಿಸುತ್ತದೆ. ಮಳೆ ಹೆಚ್ಚಾಗಿ ಕಪ್ಪು ಮಣ್ಣಿನಲ್ಲಿ ನೀರು ನಿಂತಾಗ ತೊಗರಿ, ಮುಸುಕಿನ ಜೋಳ ಹಳದಿಯಾಗಿ ಬಾಡುವುದನ್ನು ನೋಡಿದ್ದೀರಿ. ಸುತ್ತ ನೀರಿದ್ದರೂ ಗಿಡ ಬಾಡುವುದಕ್ಕೆ ಕಾರಣ ಬೇರಿಗೆ ಉಸಿರು ಕಟ್ಟಿರುವುದೇ. ಭತ್ತದ ಕಾಂಡ ಮತ್ತು ಬೇರುಗಳಲ್ಲಿ ಎಲೆಯಿಂದ ಕೆಳಗೆ ಗಾಳಿ ಇಳಿಸುವ ಪೊಳ್ಳು ದಾರಿಗಳಿರುವುದರಿಂದ ಅದು ಕೆಸರಿನಲ್ಲಿಯೂ ಬದುಕುತ್ತದೆ. ತೊಗರಿಗೆ ಬಸಿಗಾಲುವೆ ಏಕೆ ಬೇಕೆಂದು ಮನೆಯ ಮಕ್ಕಳಿಗೆ ತಿಳಿಸಲು ಕಿಟಕಿಯ ಮೇಲಿನ ಸೀಸೆಗಿಂತ ಒಳ್ಳೆಯ ಪಾಠವಿಲ್ಲ.

ನೀರಿನಲ್ಲಿ ಆಹಾರ

ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಎಂಬ ವಿದ್ವಾಂಸರು ಗಾಜಿನ ಸೀಸೆಗಳಲ್ಲಿ ಪುದೀನ ಜಾತಿಯ ಗಿಡಗಳನ್ನಿಟ್ಟು ನಡೆಸಿದ ಪ್ರಯೋಗವನ್ನು 1699ರಲ್ಲಿ ಪ್ರಕಟಿಸಿದರು. ಶುದ್ಧ ನೀರಿಗಿಂತ, ತೋಟದ ಮಣ್ಣು ಬೆರೆತ ನೀರಿನಲ್ಲಿ ಗಿಡ ಹೆಚ್ಚು ಬೆಳೆದದ್ದನ್ನು ಅವರು ಕಂಡರು. ಗಿಡ ಬರಿಯ ನೀರಿನಿಂದಲೇ ಬೆಳೆಯುವುದಿಲ್ಲ, ನೀರಿನೊಡನೆ ಮಣ್ಣಿನಿಂದ ಬರುವ ಯಾವುದೋ ವಸ್ತುವೂ ಅದಕ್ಕೆ ಬೇಕು ಎಂಬುದು ಇದರಿಂದ ತಿಳಿಯಿತು. ಆ ವಸ್ತುಗಳು ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ ಲವಣಗಳು. 1860ರ ಸುಮಾರಿನಲ್ಲಿ ಜರ್ಮನಿಯ ಸ್ಯಾಕ್ಸ್ ಮತ್ತು ನಾಪ್ ಎಂಬ ವಿಜ್ಞಾನಿಗಳು ಇಂತಹ ಲವಣಗಳನ್ನು ನೀರಿನಲ್ಲಿ ಕರಗಿಸಿ, ಮಣ್ಣೇ ಇಲ್ಲದೆ ಗಿಡಗಳನ್ನು ಬೆಳೆಸಿ ತೋರಿಸಿದರು.

ಬರಿಯ ನೀರಿನಲ್ಲಿಟ್ಟ ಗಿಡ ಕಾಂಡದಲ್ಲಿರುವ ಸಂಗ್ರಹದಿಂದ ಕೆಲವು ವಾರ ಬೆಳೆದು, ಅನಂತರ ಹಳೆಯ ಎಲೆಗಳು ಹಳದಿಯಾಗುತ್ತವೆ. ಹನಿ ನೀರಾವರಿಗೆ ತಂದ 19:19:19 ಗೊಬ್ಬರ ಮನೆಯಲ್ಲಿದ್ದರೆ, 1 ಗ್ರಾಂ ಗೊಬ್ಬರವನ್ನು 4 ಲೀಟರ್ ನೀರಿನಲ್ಲಿ ಕರಗಿಸಿ, ತಿಂಗಳಿಗೊಮ್ಮೆ ನೀರು ಬದಲಾಯಿಸುವಾಗ ಬಳಸಿದರೆ ಸಾಕು. ಇದಕ್ಕಿಂತ ಹೆಚ್ಚು ಹಾಕಬೇಡಿ. ಲವಣ ಹೆಚ್ಚಾದರೆ ಬೇರು ನೀರನ್ನು ಹೀರಲಾರದು. ಸೀಸೆಗೆ ಚಿಟಿಕೆ ಚಿಟಿಕೆಯಾಗಿ ಯೂರಿಯಾ ಹಾಕುವ ಅಭ್ಯಾಸ ಸರಿಯಲ್ಲ. ಗೊಬ್ಬರದ ನೀರಿರುವ ಸೀಸೆ ಮಕ್ಕಳ ಕೈಗೆ ಸಿಗದಂತಿರಬೇಕು.

ಎರಡನೆಯ ಕ್ರಮ: ಬತ್ತಿಯ ಸೀಸೆ

ಮಣ್ಣಿನಲ್ಲಿಯೇ ಗಿಡ ಬೆಳೆಸಬೇಕೆನ್ನುವವರು ಸೀಸೆಗೆ ನೇರವಾಗಿ ಮಣ್ಣು ತುಂಬಬಾರದು. ಸೀಸೆಯ ತಳದಲ್ಲಿ ರಂಧ್ರವಿಲ್ಲ. ಹಾಕಿದ ನೀರು ಬಸಿಯದೆ ಮಣ್ಣು ಕೆಸರಾಗುತ್ತದೆ. ತಳದಲ್ಲಿ ಜಲ್ಲಿ ಹಾಕಿದರೆ ಸಾಕೆಂದು ಹಲವರು ನಂಬುತ್ತಾರೆ. ಇದು ಸರಿಯಲ್ಲ. ನಯವಾದ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಅದು ಪೂರ್ತಿ ನೆನೆದು ತುಂಬುವವರೆಗೂ ಕೆಳಗಿನ ದಪ್ಪ ಜಲ್ಲಿಗೆ ನೀರು ಇಳಿಯುವುದಿಲ್ಲ. ಇಳಿದ ಮೇಲೂ ಅದು ಹೊರಹೋಗಲು ದಾರಿಯಿಲ್ಲ.

ಇದಕ್ಕೆ ಸೀಸೆಯನ್ನು ಕತ್ತರಿಸದೆಯೇ ಮಾಡಬಹುದಾದ ಉಪಾಯವಿದೆ. ಅರ್ಧ ತೆಂಗಿನ ಚಿಪ್ಪನ್ನು, ಮೂರು ಕಣ್ಣುಗಳಿರುವ ಭಾಗವನ್ನು, ತೆಗೆದುಕೊಳ್ಳಿ. ಮೆತ್ತನೆಯ ಕಣ್ಣನ್ನು ಮೊಳೆಯಿಂದ ತೆರೆದು, ಅದರಲ್ಲಿ ಹಳೆಯ ಹತ್ತಿ ಬಟ್ಟೆಯ ಬತ್ತಿಯನ್ನು ತೂರಿಸಿ. ಬತ್ತಿಯ ಒಂದು ತುದಿ ಚಿಪ್ಪಿನೊಳಗೆ 5 ಸೆಂ.ಮೀ. ಮೇಲಕ್ಕೆ ನಿಲ್ಲಬೇಕು, ಇನ್ನೊಂದು ಸೀಸೆಯ ತಳ ಮುಟ್ಟಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಕಾಂಪೋಸ್ಟ್ ಬೆರೆಸಿ ಚಿಪ್ಪಿಗೆ ತುಂಬಿ ಗಿಡ ನೆಡಿ. ಮೊದಲ ಬಾರಿ ಮೇಲಿನಿಂದ ನೀರು ಹಾಕಿ ಮಣ್ಣನ್ನೂ ಬತ್ತಿಯನ್ನೂ ನೆನೆಸಿ, ಚಿಪ್ಪನ್ನು ನೀರಿರುವ ಅಗಲ ಬಾಯಿಯ ಜಾಡಿಯ ಮೇಲೆ ಕೂರಿಸಿ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆಯೇ ಈ ಬತ್ತಿ ನೀರನ್ನು ಎಳೆಯುತ್ತದೆ. ಗಿಡಕ್ಕೆ ಬೇಕಾದಷ್ಟೇ ನೀರು ಏರುವುದರಿಂದ ನಾಲ್ಕಾರು ದಿನ ಊರಿಗೆ ಹೋಗಿ ಬಂದರೂ ಗಿಡ ಬಾಡುವುದಿಲ್ಲ.

ಬತ್ತಿಯಿಂದ ಏರಿದ ನೀರು ಆವಿಯಾಗಿ, ಅದರ ಲವಣ ಮಣ್ಣಿನ ಮೇಲೆ ಬಿಳಿಯಾಗಿ ಉಳಿಯುತ್ತದೆ. ನೀರಾವರಿ ಜಮೀನು ಸವಳಾಗುವಾಗ ನಡೆಯುವುದೂ ಇದೇ. ತಿಂಗಳಿಗೊಮ್ಮೆ ಚಿಪ್ಪನ್ನೆತ್ತಿ, ಮೇಲಿನಿಂದ ಒಳ್ಳೆಯ ನೀರು ಸುರಿದು ಕೆಳಗೆ ಬಸಿದದ್ದನ್ನು ಚೆಲ್ಲಬೇಕು. ಹತ್ತಿಯ ಬತ್ತಿ ಕೆಲವು ತಿಂಗಳಲ್ಲಿ ಕೊಳೆಯುವುದರಿಂದ ಬದಲಾಯಿಸುತ್ತಿರಬೇಕು.

ಸೀಸೆಯನ್ನೇ ಎರಡಾಗಿ ಕತ್ತರಿಸಿ, ಮೇಲಿನ ಭಾಗವನ್ನು ಕೆಳಗಿನ ಭಾಗದಲ್ಲಿ ತಲೆಕೆಳಗಾಗಿ ಕೂರಿಸುವುದೂ ಉಂಟು. ಸೀಮೆಎಣ್ಣೆ ಅಥವಾ ಸ್ಪಿರಿಟ್ಟಿನಲ್ಲಿ ನೆನೆಸಿದ ದಾರವನ್ನು ಸೀಸೆಗೆ ಸುತ್ತಿ, ಬೆಂಕಿ ಹಚ್ಚಿ, ಉರಿ ಆರುತ್ತಿರುವಾಗ ತಣ್ಣೀರಿನಲ್ಲಿ ಮುಳುಗಿಸುತ್ತಾರೆ. ಗಾಜು ಶಾಖವನ್ನು ಬೇಗ ಹರಡುವುದಿಲ್ಲ. ಕಾದು ಹಿಗ್ಗಿದ ಗೆರೆ ಒಮ್ಮೆಲೇ ಕುಗ್ಗಿ ಅಲ್ಲಿಯೇ ಬಿರಿಯುತ್ತದೆ. ಆದರೆ ಅನೇಕ ಸೀಸೆಗಳು ಅಡ್ಡಾದಿಡ್ಡಿ ಒಡೆಯುತ್ತವೆ, ಅಂಚು ಚಾಕುವಿನಂತಿರುತ್ತದೆ. ಮಾಡಲೇಬೇಕೆಂದರೆ ಹುಲ್ಲಿನ ಬಣವೆ, ಕೊಟ್ಟಿಗೆಗಳಿಂದ ದೂರದಲ್ಲಿ, ಮಕ್ಕಳಿಲ್ಲದಾಗ, ಕನ್ನಡಕ ಮತ್ತು ದಪ್ಪ ಕೈಗವಸು ಧರಿಸಿ ಮಾಡಬೇಕು. ಅಂಚನ್ನು ನೀರಿನಲ್ಲಿ ನೆನೆಸಿದ ಎಮರಿ ಕಾಗದದಿಂದ ಉಜ್ಜಬೇಕು. ಒಣಗಿದಾಗ ಉಜ್ಜಿದರೆ ಗಾಜಿನ ಧೂಳು ಶ್ವಾಸಕೋಶ ಸೇರುತ್ತದೆ. ನನ್ನ ಸಲಹೆ ಕೇಳುವುದಾದರೆ, ತೆಂಗಿನ ಚಿಪ್ಪೇ ಲೇಸು.

ಸೊಳ್ಳೆಯ ಬಗ್ಗೆ ಎಚ್ಚರಿಕೆ

ಡೆಂಗೆ ಜ್ವರ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ಮನೆಯೊಳಗಿನ ಮತ್ತು ಮನೆಯ ಸುತ್ತಲಿನ ತಿಳಿನೀರಿನ ಪಾತ್ರೆಗಳನ್ನೇ ಹೆಚ್ಚಾಗಿ ಹುಡುಕುತ್ತದೆ. ಗಿಡದ ಸೀಸೆಯೂ ಅಂತಹ ಪಾತ್ರೆಯೇ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಇದಕ್ಕೆ ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಬೇಕೆಂದು ಹೇಳುವುದು ಇದಕ್ಕಾಗಿಯೂ ಹೌದು. ಚೆಲ್ಲಿದರಷ್ಟೇ ಸಾಲದು. ಈ ಸೊಳ್ಳೆ ನೀರಿನ ಮಟ್ಟದ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದಕಾರಣ ಪ್ರತಿ ವಾರ ಸೀಸೆಯ ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಬೇಕು. ಅಗಲ ಬಾಯಿಯ ಸೀಸೆ ಬೇಕೆಂದದ್ದೂ ಇದಕ್ಕೇ. ಕಾಂಡದ ಸುತ್ತ ಬಾಯಿಯನ್ನು ಹತ್ತಿಯಿಂದ ಸಡಿಲವಾಗಿ ಮುಚ್ಚಿದರೆ ಸೊಳ್ಳೆ ಒಳಗೆ ಹೋಗದು, ಗಾಳಿ ಆಡುತ್ತದೆ. ನಿಮ್ಮೂರಿನ ಸಂತೆಯ ದಿನವನ್ನೇ ನೀರು ಬದಲಾಯಿಸುವ ದಿನವನ್ನಾಗಿ ಇಟ್ಟುಕೊಂಡರೆ ಮರೆಯುವುದಿಲ್ಲ. ಇಷ್ಟು ಮಾಡಲು ಆಗದವರು ಸೀಸೆಯಲ್ಲಿ ಗಿಡ ಇಡದಿರುವುದೇ ಒಳ್ಳೆಯದು.

ಇತರ ಸೂಚನೆಗಳು

ಮನಿ ಪ್ಲಾಂಟ್ ಎಲೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ಮಕ್ಕಳಿಗೂ ಕರುಗಳಿಗೂ ಎಟುಕದಂತೆ ಇಡಬೇಕು. ಕತ್ತರಿಸಿದ ಬಳ್ಳಿಯನ್ನು ಮೇವಿನೊಡನೆ ಹಾಕಬಾರದು.

ನೀರು ತುಂಬಿದ ದುಂಡು ಸೀಸೆ ಬಿಸಿಲನ್ನು ಭೂತಗನ್ನಡಿಯಂತೆ ಒಂದೆಡೆ ಕೂಡಿಸುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಹುಲ್ಲು, ಕಾಗದ, ಬಟ್ಟೆಯ ಬಳಿ ಇಡಬೇಡಿ.

ಎರಡು ಗಿಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನು ನಂಬಬೇಕಾಗಿಲ್ಲ. ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ನಡೆದ ಪ್ರಯೋಗಗಳಿಂದ ಆ ಮಾತು ಹುಟ್ಟಿತು. ಗಾಳಿಯಾಡುವ ಮನೆಗೆ ಅದು ಹೊಂದುವುದಿಲ್ಲ. ಒಲೆಯ ಹೊಗೆಗೆ ಕಿಟಕಿ ತೆರೆಯುವುದೇ ಮದ್ದು. ಸೀಸೆಯ ಗಿಡದಿಂದ ದೊರೆಯುವುದು ಕಣ್ಣಿಗೆ ತಂಪು, ಸಾರಿಗೆ ನಾಲ್ಕು ಎಲೆ ಪುದೀನ, ಹಿತ್ತಲಿಗೆ ಬೇರು ಬಂದ ಸಸಿ ಮತ್ತು ಮಣ್ಣಿನೊಳಗೆ ನಡೆಯುವುದನ್ನು ಕಣ್ಣಾರೆ ನೋಡುವ ಅವಕಾಶ. ಇದು ಕಡಿಮೆ ಲಾಭವೇನಲ್ಲ.

ಈ ಕೆಲಸವನ್ನು ರೈತ ಮಹಿಳೆಯರೂ ಶಾಲಾ ಮಕ್ಕಳೂ ಸುಲಭವಾಗಿ ಕೈಗೊಳ್ಳಬಹುದು. ಆದರೆ ಸೀಸೆಗಳನ್ನು ಆರಿಸುವ ಕೆಲಸವನ್ನು ಮಾತ್ರ ಮಕ್ಕಳಿಗೆ ಬಿಡಬೇಡಿ. ಮನೆಯ ಯಜಮಾನರೇ ಅಟ್ಟ ಹತ್ತಿ, ಸೀಸೆಗಳನ್ನೆಲ್ಲ ಅಂಗಳಕ್ಕಿಳಿಸಿ ಎರಡು ಗುಂಪು ಮಾಡಿ. ತಿನ್ನುವ ಪದಾರ್ಥ ತುಂಬಿದ್ದವು ಒಂದು ಕಡೆ, ಉಳಿದವೆಲ್ಲ ಇನ್ನೊಂದು ಕಡೆ. ಅಡುಗೆ ಮನೆಯ ಎಣ್ಣೆಯ ಸೀಸೆಯನ್ನೂ ಒಮ್ಮೆ ಕೈಗೆತ್ತಿಕೊಂಡು ನೋಡಿ, ಅದು ಎಲ್ಲಿಂದ ಬಂದದ್ದೆಂದು ಮನೆಯವರನ್ನು ಕೇಳಿ. ಎರಡನೆಯ ಗುಂಪನ್ನು ಹೂಳಿ ಬಂದ ಮೇಲೆ ಮೊದಲನೆಯ ಗುಂಪಿನಿಂದ ಒಂದು ಸೀಸೆ ತೆಗೆದುಕೊಂಡು ಪುದೀನದ ಕಡ್ಡಿ ಇಡಿ.